ಓಡಿದರೆ ತಣ್ಣಗೆ, ನಿಂತರೆ ಬಿಸಿ: ಎಸ್‌ಯುವಿ ಎಸಿ ರಿಪೇರಿ ಮನೆಯಲ್ಲೇ ಮಾಡಬಹುದಾ?

ಕೋಡಿಬಾಗ ಡೀಸೆಲ್ (ಕಾರವಾರ)

ನಮಸ್ಕಾರ ಎಲ್ಲರಿಗೂ. ನನ್ನದು 2013ರ ಏಳು ಸೀಟಿನ ಡೀಸೆಲ್ ಎಸ್‌ಯುವಿ. 1,30,000 ಕಿ.ಮೀ. ಓಡಿದೆ. ಕಂಪನಿ ಹೆಸರು ಬೇಡ, ಆಮೇಲೆ ಅದರ ಮೇಲೇ ಜಗಳ ಶುರುವಾಗುತ್ತದೆ.

ಕಾಯಿಲೆ ಹೀಗಿದೆ. ಹೈವೇಯಲ್ಲಿ ಅಂಕೋಲಾ ಕಡೆ ಹೊರಟರೆ ಎಸಿ ಚೆನ್ನಾಗಿಯೇ ತಣ್ಣಗೆ ಬರುತ್ತದೆ. ಎಲ್ಲಾದರೂ ನಿಂತರೆ ಎರಡು ನಿಮಿಷದಲ್ಲಿ ಬಿಸಿ ಗಾಳಿ. ಹಳೆಯ ಕಾಳಿ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದ ಮೇಲೆ ಹೊಸ ಸೇತುವೆಯ ಹತ್ತಿರ ನಿಲ್ಲುವುದೂ ಜಾಸ್ತಿಯಾಗಿದೆ. ಅಲ್ಲಿ ನಿಂತಾಗ ಒಳಗೆ ಕೂತವರೆಲ್ಲ ಬೆಂದು ಹೋಗುತ್ತಾರೆ. ಇನ್ನೊಂದು: ದೇವಿಮನೆ ಘಟ್ಟ ಹತ್ತುವಾಗ ಎಸಿ ಹಾಕಿದರೆ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೆ ಹೋಗುತ್ತದೆ.

ಹೋದ ವರ್ಷ ಮೇ ಕೊನೆಗೆ ಒಂದು ಗ್ಯಾರೇಜಿನಲ್ಲಿ "ಗ್ಯಾಸ್ ಖಾಲಿ" ಅಂದರು. ಹಾಕಿಸಿದೆ, ಸರಿಯಾಯಿತು. ಅಕ್ಟೋಬರ್‌ನಲ್ಲಿ ಮತ್ತೆ ಅದೇ ಕಥೆ, ಮತ್ತೆ ಹಾಕಿಸಿದೆ, ಮತ್ತೆ ಸರಿಯಾಯಿತು. ಈಗ ಏಪ್ರಿಲ್, ಮತ್ತೆ ಶುರು. ಎರಡು ಸಲಕ್ಕೆ 4,600 ರೂಪಾಯಿ ಹೋಗಿದೆ. ಈ ಸಲ ಆನ್‌ಲೈನ್‌ನಲ್ಲಿ ಕ್ಯಾನ್ ತರಿಸಿ ನಾನೇ ಹಾಕೋಣ ಅಂತಿದ್ದೇನೆ. ಯಾರಾದರೂ ಮಾಡಿದ್ದೀರಾ?

ಶಿರಸಿ ಪಾನಾ (ಶಿರಸಿ)

ಕ್ಯಾನ್ ತರಿಸಬೇಡಿ ಮಾರಾಯ್ರೇ. ತರಿಸಿದ್ದರೆ ಮುಚ್ಚಳ ತೆಗೆಯಬೇಡಿ.

ಮೇ ಕೊನೆಗೆ ಗ್ಯಾಸ್ ಹಾಕಿಸಿದಿರಿ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಅಕ್ಟೋಬರ್ ಸೆಖೆಯಲ್ಲಿ ಹಾಕಿಸಿದಿರಿ. ಮುಂದಿನ ತಿಂಗಳು ಚಳಿ ಬಂತು. ನಿಮ್ಮ ಎಸಿ ಸರಿ ಮಾಡಿದ್ದು ಗ್ಯಾರೇಜಿನವರಲ್ಲ, ಹವಾಮಾನ.

ಎಸಿ ಗ್ಯಾಸ್ ಡೀಸೆಲ್ ಹಾಗೆ ಉರಿದು ಖಾಲಿ ಆಗುವುದಿಲ್ಲ. ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಕಡಿಮೆ ಆದರೆ ಎಲ್ಲೋ ಸೋರಿದೆ ಅಂತ ಅರ್ಥ. ತುಂಬಾ ಸೋರಿದ್ದೇ ಹೌದಾದರೆ ಓಡುವಾಗಲೂ ಚೆನ್ನಾಗಿ ತಣ್ಣಗೆ ಬರುವುದಿಲ್ಲ. ಓಡಿದರೆ ತಣ್ಣಗೆ, ನಿಂತರೆ ಬಿಸಿ ಅಂದರೆ ಮೊದಲು ನೋಡಬೇಕಾದ್ದು ಗಾಳಿ. ಕಂಡೆನ್ಸರ್ (ರೇಡಿಯೇಟರ್ ಎದುರಿಗೆ ಇರುವ, ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ) ಮುಂದಿನ ಫ್ಯಾನ್ ತಿರುಗುತ್ತಿದೆಯಾ ನೋಡಿದ್ದೀರಾ?

ಕೋಡಿಬಾಗ ಡೀಸೆಲ್

ಇಲ್ಲ. ಫ್ಯಾನ್ ರೇಡಿಯೇಟರ್ ಹಿಂದೆ ಇದೆಯಲ್ಲ, ಅದು ತಿರುಗುತ್ತದೆ.

ಶಿರಸಿ ಪಾನಾ

ಅದು ಎಂಜಿನ್ ಜೊತೆಗೇ, ಒಳಗಿನ ದಪ್ಪ ಎಣ್ಣೆಯ ಹಿಡಿತದಲ್ಲಿ ತಿರುಗುವ ವಿಸ್ಕಸ್ ಫ್ಯಾನ್. ನಿಮ್ಮಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಗ್ರಿಲ್ ಹಿಂದೆ, ಕಂಡೆನ್ಸರ್ ಎದುರಿಗೆ ಇನ್ನೊಂದು ಕರೆಂಟ್ ಫ್ಯಾನ್ ಇರುತ್ತದೆ. ಎಸಿ ಒತ್ತಿದಾಗ ಅದು ಗುಂಯ್ ಅನ್ನಬೇಕು. ಒಬ್ಬರನ್ನು ಒಳಗೆ ಕೂರಿಸಿ ಎಸಿ ಹಾಕಿಸಿ, ನೀವು ಮುಂದೆ ನಿಂತು ನೋಡಿ. ಕೈ ಹಾಕಬೇಡಿ. ಕೈ ಹಾಕುವ ಕೆಲಸ ಇದ್ದರೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕೆಲವು ಗಾಡಿಯಲ್ಲಿ ಎಂಜಿನ್ ಆಫ್ ಇದ್ದರೂ ಆ ಫ್ಯಾನ್ ತನ್ನಷ್ಟಕ್ಕೆ ಶುರುವಾಗುತ್ತದೆ.

ಬೈತಖೋಲ ಬೋಟು (ಕಾರವಾರ)

ಬಂದರಿನಲ್ಲಿ ಬೋಟಿನ ಎಂಜಿನ್ ಕೆಲಸ ನನ್ನದು. ಕಾರಿನ ಎಸಿ ಬಗ್ಗೆ ದೊಡ್ಡ ಜ್ಞಾನ ಇಲ್ಲ, ಉಪ್ಪಿನ ಬಗ್ಗೆ ಇದೆ. ಕೋಡಿಬಾಗದಲ್ಲಿ ಗಾಡಿ ಹೊರಗೆ ನಿಲ್ಲಿಸುತ್ತೀರಿ ಅಂದರೆ ಫ್ಯಾನಿನ ಕನೆಕ್ಟರ್ ಬಿಚ್ಚಿ ನೋಡಿ. ಒಳಗೆ ಹಸಿರು ಕಿಲುಬು ಇರುತ್ತದೆ. ಇಲ್ಲದಿದ್ದರೆ ನನ್ನ ಹೆಸರು ಬದಲಿಸಿ.

ಶರಾವತಿ ದಂಡೆ (ಹೊನ್ನಾವರ)

ಚರ್ಚೆಯ ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಗಾಡಿಯಲ್ಲಿ ಎಸಿ ಚೆನ್ನಾಗಿದೆ. ಆದರೆ ಎಡಗಡೆ ಮುಂದಿನ ಸೀಟಿನ ಕೆಳಗೆ ನೀರು. ಮ್ಯಾಟ್ ಹಿಂಡಿದರೆ ಅರ್ಧ ಲೋಟ ಬರುತ್ತದೆ. ಶಾಲೆಗೆ ಹೋಗುವಷ್ಟರಲ್ಲಿ ಸೀರೆಯ ಅಂಚು ಒದ್ದೆ. ಗ್ಯಾಸ್ ನೀರಾಗಿ ಸೋರುತ್ತಿದೆ ಅಂತ ಒಬ್ಬರು ಹೇಳಿದರು. ಹೌದಾ?

ಕುಮಟಾ ಕೂಲಿಂಗ್ (ಕುಮಟಾ)

ಅಕ್ಕಾ, ಗ್ಯಾಸ್ ನೀರಾಗುವುದಿಲ್ಲ. ಹೊರಗೆ ಸೋರಿದರೆ ಅದು ಹಾರಿಯೇ ಹೋಗುತ್ತದೆ. ಆರ್-134ಎ, ಅಂದರೆ ಈ ಎಸಿ ಗ್ಯಾಸ್, ಕುದಿಯುವುದೇ ಸೊನ್ನೆಗಿಂತ ಕೆಳಗೆ, ಮೈನಸ್ 26 ಡಿಗ್ರಿಯಲ್ಲಿ. ನಿಮ್ಮ ಮ್ಯಾಟ್‌ನಲ್ಲಿ ಇರುವುದು ಗಾಳಿಯ ತೇವ. ನಮ್ಮ ಕರಾವಳಿ ಗಾಳಿಯಲ್ಲಿ ನೀರು ಜಾಸ್ತಿ. ಡ್ಯಾಶ್‌ಬೋರ್ಡ್ ಒಳಗೆ ಗಾಳಿ ತಣ್ಣಗೆ ಮಾಡುವ ಇವಾಪರೇಟರ್ ಮೇಲೆ ಅದು ಬೆವರಿ ಇಳಿಯುತ್ತದೆ, ಒಂದು ಚಿಕ್ಕ ರಬ್ಬರ್ ಪೈಪಿನಲ್ಲಿ ಗಾಡಿಯ ಅಡಿಗೆ ಬೀಳಬೇಕು. ಆ ಪೈಪು ಕಟ್ಟಿದೆ.

ಒಂದೇ ಒಂದು ಪರೀಕ್ಷೆ ಮಾಡಿ. ಬೆರಳಿನಲ್ಲಿ ಮುಟ್ಟಿ ನೋಡಿ. ಬರೀ ನೀರಾದರೆ ಡ್ರೈನ್ ಪೈಪು. ಅಂಟಂಟಾಗಿ, ಸಿಹಿ ವಾಸನೆ, ಹಸಿರೋ ಕೆಂಪೋ ಬಣ್ಣ ಇದ್ದರೆ ಅದು ಎಂಜಿನ್ ತಣ್ಣಗಿಡುವ ಕೂಲಂಟ್, ಒಳಗಿನ ಹೀಟರ್ ಸೋರುತ್ತಿದೆ. ಆಗ ತಡ ಮಾಡಬೇಡಿ.

ಶರಾವತಿ ದಂಡೆ

ಬರೀ ನೀರು. ಯಜಮಾನರು ಗಾಡಿಯ ಅಡಿಗೆ ಹೋಗಿ ಪೈಪಿನ ಬಾಯಿ ಹುಡುಕಿದರು. ಕುಂಬಾರ ಹುಳು ಅದರೊಳಗೆ ಮಣ್ಣಿನ ಗೂಡು ಕಟ್ಟಿತ್ತು! ಮೆತ್ತಗಿನ ವೈರಿನಿಂದ ಕೆದಕಿದ ತಕ್ಷಣ ಒಂದು ಚೊಂಬಿನಷ್ಟು ನೀರು ಅವರ ಅಂಗಿಯ ಮೇಲೇ ಸುರಿಯಿತು. ಧನ್ಯವಾದ ತಮ್ಮಾ.

ಕೋಡಿಬಾಗ ಡೀಸೆಲ್

ಬೈತಖೋಲದವರ ಹೆಸರು ಬದಲಿಸುವ ಅಗತ್ಯ ಇಲ್ಲ. ಫ್ಯಾನ್ ತಿರುಗುತ್ತಲೇ ಇರಲಿಲ್ಲ.

ಇವತ್ತು ರಜೆ ಇತ್ತು, ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆ. ಬ್ಯಾಟರಿ ತೆಗೆದು, ಗ್ರಿಲ್ ಬಿಚ್ಚಿದೆ. ಎರಡು ಕ್ಲಿಪ್ಪು ಮುರಿದವು, ಅದು ಲೆಕ್ಕಕ್ಕಿಲ್ಲ. ಕನೆಕ್ಟರ್ ಎಳೆದರೆ ಬರಲೇ ಇಲ್ಲ. ಅಲ್ಲಾಡಿಸಿ ಅಲ್ಲಾಡಿಸಿ ತೆಗೆದಾಗ ಒಂದು ಪಿನ್ ಪೂರ್ತಿ ಹಸಿರು. ದೇವರ ಮನೆಯ ತಾಮ್ರದ ಚೊಂಬನ್ನು ತಿಂಗಳು ತಿಕ್ಕದೆ ಇಟ್ಟ ಹಾಗೆ. ಇನ್ನೊಂದು ಪಿನ್ನಿನ ಪ್ಲಾಸ್ಟಿಕ್ ಸುಟ್ಟು ಕಂದಾಗಿತ್ತು. ಬ್ಯಾಟರಿಯಿಂದ ಬೇರೆ ವೈರ್ ಎಳೆದು ಫ್ಯಾನಿಗೆ ನೇರ 12 ವೋಲ್ಟ್ ಕೊಟ್ಟೆ. ಮೊದಲು ಕರ್ರ್ ಅಂದಿತು, ಆಮೇಲೆ ತಿರುಗಿತು. ಮೋಟರ್ ಬದುಕಿದೆ! ಹೊಸ ಕನೆಕ್ಟರ್ 180 ರೂಪಾಯಿ, ಬೆಸುಗೆ ಹಾಕಿ ವೈರಿನ ಮೇಲೆ ಸ್ಲೀವ್ ಏರಿಸಿದೆ.

ಆದರೆ ಗ್ರಿಲ್ ತೆಗೆದ ಮೇಲೆ ಇನ್ನೊಂದು ದರ್ಶನವಾಯಿತು. ಕಂಡೆನ್ಸರ್ ಫಿನ್ನುಗಳ ಮಧ್ಯೆ ಕೆಂಪು ಮಣ್ಣು, ಸತ್ತ ಹುಳು, ಗಾಳಿ ಮರದ ಸೂಜಿ ಎಲೆ. ಟಾರ್ಚ್ ಹಿಡಿದು ನೋಡಿದರೆ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕೆಳಗಡೆ ನಾಲ್ಕು ಬೆರಳು ದಪ್ಪ ಕಸ ಕೂತಿದೆ. ಅದನ್ನು ತೆಗೆಯುವುದು ಹೇಗೆ? ಪ್ರೆಶರ್ ವಾಷರ್ ಇದೆ, ಹೊಡೆಯಲಾ?

ಕುಮಟಾ ಕೂಲಿಂಗ್

ಬೇಡ ಬೇಡ. ಫಿನ್ನು ಅಂದರೆ ಅಲ್ಯೂಮಿನಿಯಂ ಕಾಗದ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಮಲಗಿಬಿಡುತ್ತದೆ, ಆಮೇಲೆ ಗಾಳಿ ಹೋಗುವ ದಾರಿಯೇ ಇಲ್ಲ. ತೋಟಕ್ಕೆ ನೀರು ಬಿಡುವ ಪೈಪು ಸಾಕು. ಎಂಜಿನ್ ತಣ್ಣಗಿರಲಿ. ಕಸ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು, ಅಂದರೆ ಒಳಗಿನಿಂದ ಹೊರಗೆ, ಎಂಜಿನ್ ಕಡೆಯಿಂದ ಗ್ರಿಲ್ ಕಡೆಗೆ. ರೇಡಿಯೇಟರ್ ಮೇಲಿನ ಬೋಲ್ಟ್ ಬಿಚ್ಚಿದರೆ ಸ್ವಲ್ಪ ಹಿಂದೆ ವಾಲುತ್ತದೆ, ಪೈಪು ಇಳಿಸಲು ಜಾಗ ಸಿಗುತ್ತದೆ. ಎಸಿ ಪೈಪಿನ ಒಂದು ನಟ್ಟನ್ನೂ ಮುಟ್ಟಬೇಡಿ. ಒಳಗೆ ಒತ್ತಡ ಇದೆ. ಚಿಮ್ಮಿದ ಗ್ಯಾಸ್ ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು ಅಂತಲೇ ಲೆಕ್ಕ.

ಬೈತಖೋಲ ಬೋಟು

ಹಾಗೇ ಫಿನ್ನು ಉಗುರಿನಲ್ಲಿ ಮೆಲ್ಲಗೆ ತಟ್ಟಿ ನೋಡಿ. ಬಿಳಿ ಪುಡಿಯಾಗಿ ಉದುರಿದರೆ ಉಪ್ಪು ತಿಂದಿದೆ. ಬಾವಿಯ ನೀರು ಸವಳಾಗಿದ್ದರೆ ಅದರಲ್ಲಿ ತೊಳೆಯಬೇಡಿ.

ಅರಬೈಲು ಲೋಡು (ಯಲ್ಲಾಪುರ)

ಘಟ್ಟದ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಅರಬೈಲು ಘಟ್ಟದಲ್ಲಿ ಪಿಕಪ್ ಹತ್ತಿಸಿಯೇ ನನ್ನ ಹೊಟ್ಟೆಪಾಡು.

ಎಸ್‌ಯುವಿಯವರು ಮಾಡುವ ತಪ್ಪು ಒಂದೇ. ಟಾರ್ಕ್ ಇದೆ ಅಂತ ಮೂರನೇ ಗೇರಿನಲ್ಲಿ 1,400 ಆರ್‌ಪಿಎಮ್‌ಗೆ ಎಳೆಸುತ್ತಾರೆ. ವಿಸ್ಕಸ್ ಫ್ಯಾನೂ ವಾಟರ್ ಪಂಪೂ ಎಂಜಿನ್ ಎಷ್ಟು ತಿರುಗುತ್ತದೋ ಅಷ್ಟೇ ಕೆಲಸ ಮಾಡುವುದು. ಎರಡನೇ ಗೇರಿಗೆ ಇಳಿಸಿ 2,300-2,500ರಲ್ಲಿ ಹತ್ತಿಸಿ, ಮುಳ್ಳು ತಾನೇ ಕೂರುತ್ತದೆ. ಆದರೂ ಏರಿದರೆ ಎಸಿ ಆಫ್, ಹೀಟರ್ ಫುಲ್, ಕಿಟಕಿ ತೆಗೆಯಿರಿ. ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್ ಇದ್ದ ಹಾಗೆ. ಹೆಂಡತಿ ಬೈಯುತ್ತಾಳೆ, ಹೆಡ್ ಗ್ಯಾಸ್ಕೆಟ್ ಉಳಿಯುತ್ತದೆ.

ಇನ್ನು ಕ್ಯಾಪ್. ಬಿಸಿಯಲ್ಲಿ ರೇಡಿಯೇಟರ್ ಕ್ಯಾಪ್ ತೆಗೆದು ಮುಖ ಸುಟ್ಟುಕೊಂಡವರನ್ನು ನಾನೇ ಆಸ್ಪತ್ರೆಗೆ ಹಾಕಿದ್ದೇನೆ. ಆ ಕ್ಯಾಪ್ ಸುಮಾರು 1 ಬಾರ್ ಒತ್ತಡ ಹಿಡಿದಿಡುತ್ತದೆ. ಅದಕ್ಕೇ ಒಳಗಿನ ನೀರು 100 ದಾಟಿ 120ರ ತನಕ ಕುದಿಯದೆ ಇರುತ್ತದೆ. ತೆಗೆದ ಕ್ಷಣ ಒತ್ತಡ ಹೋಯಿತು, ಅಷ್ಟೂ ಒಮ್ಮೆಲೇ ಕುದಿದು ಮೇಲಕ್ಕೆ. ಕ್ಯಾಪ್ ರಬ್ಬರ್ ಒಡೆದಿದ್ದರೆ ಒತ್ತಡ ನಿಲ್ಲುವುದಿಲ್ಲ, ಸುಮ್ನೆ ಘಟ್ಟದಲ್ಲಿ ಕುದಿಯುತ್ತದೆ. ಬೇರೆ ಯಾವುದಕ್ಕೂ ಕೈ ಹಾಕುವ ಮೊದಲು ಹೊಸ ಕ್ಯಾಪ್ ಹಾಕಿ.

ಕೋಡಿಬಾಗ ಡೀಸೆಲ್

ಕ್ಯಾಪ್ ರಬ್ಬರ್ ಬೆರಳಿಗೆ ಪುಡಿಪುಡಿಯಾಗಿ ಬಂತು. ಬದಲಿಸಿದೆ. ಕೂಲಂಟ್ ಎಷ್ಟು ವರ್ಷದ್ದೋ ಗೊತ್ತಿಲ್ಲ, ಬಣ್ಣ ಚಹಾದ್ದು. ಪೂರ್ತಿ ಇಳಿಸಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ ತೊಳೆದು, ಅರ್ಧಕ್ಕರ್ಧ ಮಿಕ್ಸ್ ಮಾಡಿ ಹಾಕಿದೆ. ಇಳಿಸಿದ್ದನ್ನು ಬಕೆಟಿನಲ್ಲಿ ಅಂಗಳದಲ್ಲೇ ಇಟ್ಟಿದ್ದೆ.

ಶಿರಸಿ ಪಾನಾ

ಬಕೆಟ್ ಈಗಲೇ ಒಳಗೆ ಇಡಿ! ಕೂಲಂಟ್ ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ. ಸ್ವಲ್ಪವೇ ಸಾಕು, ಮೂತ್ರಪಿಂಡ ಹೋಗುತ್ತದೆ. ನಮ್ಮ ನೆರೆಮನೆಯ ನಾಯಿ ಹೀಗೇ ಸತ್ತಿತು.

ಕೋಡಿಬಾಗ ಡೀಸೆಲ್

ಇಟ್ಟೆ. ಥ್ಯಾಂಕ್ಸ್.

ಕಸ ತೊಳೆದೆ, ಎರಡು ತಾಸು ಹಿಡಿಯಿತು. ಅಂಗಳದಲ್ಲಿ ಕೆಂಪು ಹೊಳೆ. ಕೊನೆಗೆ ಫಿನ್ನಿನ ಆಚೆಯಿಂದ ಟಾರ್ಚ್ ಬೆಳಕು ಈಚೆ ಕಂಡಿತು. ಅಡುಗೆಮನೆಯ ಥರ್ಮಾಮೀಟರ್ ಎಸಿ ಬಾಯಿಗೆ ಸಿಕ್ಕಿಸಿ ನೋಡಿದೆ. ನಿಂತಲ್ಲೇ ಮೊದಲು 21 ಡಿಗ್ರಿ ಇದ್ದದ್ದು ಈಗ 14. ಖುಷಿ ಆಯಿತು, ಆದರೆ ಪೂರ್ತಿ ಅಲ್ಲ. ಓಡುವಾಗಲೂ 12ಕ್ಕಿಂತ ಕೆಳಗೆ ಹೋಗುತ್ತಿಲ್ಲ.

ಗೆಳೆಯನ ಹತ್ತಿರ ಎಸಿ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಸೆಟ್ ಇತ್ತು, ತಂದು ಹಾಕಿದೆ. ಬೆಳಿಗ್ಗೆ ಆರು ಗಂಟೆ, ಎಂಜಿನ್ ಆಫ್, ಎರಡೂ ಮುಳ್ಳು 88 ಪಿಎಸ್‌ಐ. ಹಾಗಾದರೆ ಗ್ಯಾಸ್ ಸರಿ ಇದೆ ಅಂತ ಅಲ್ವಾ?

ಕುಮಟಾ ಕೂಲಿಂಗ್

ಅಲ್ಲ ಅಣ್ಣ. ಇದೊಂದು ಎಲ್ಲರೂ ಬೀಳುವ ಗುಂಡಿ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಅಡುಗೆ ಗ್ಯಾಸಿನ ಸಿಲಿಂಡರ್ ನೆನಪಿಸಿಕೊಳ್ಳಿ. ತುಂಬಿದ್ದರೂ, ಕಾಲು ಭಾಗ ಇದ್ದರೂ ಒಲೆ ಒಂದೇ ಥರ ಉರಿಯುತ್ತದೆ. ಒಳಗೆ ಒಂದು ಹನಿ ದ್ರವ ಇರುವ ತನಕ ಒತ್ತಡ ನಿರ್ಧಾರ ಮಾಡುವುದು ತಾಪ, ಪ್ರಮಾಣ ಅಲ್ಲ. ಆರ್-134ಎ ಕೂಡ ಹಾಗೇ. 27 ಡಿಗ್ರಿಗೆ ಸುಮಾರು 88 ಪಿಎಸ್‌ಐ, 30 ಡಿಗ್ರಿಗೆ 97. ಗಾಡಿಯಲ್ಲಿ 300 ಗ್ರಾಂ ಇರಲಿ, 900 ಗ್ರಾಂ ಇರಲಿ, ನಿಂತಾಗ ಮುಳ್ಳು ಅಲ್ಲೇ. ಗೇಜಿನ ಒಳಸುತ್ತಿನಲ್ಲಿ ಆ ಡಿಗ್ರಿಗಳನ್ನೇ ಬರೆದಿರುತ್ತಾರೆ ನೋಡಿ.

ಹಾಗಂತ ನಿಮ್ಮ 88 ವ್ಯರ್ಥ ಅಲ್ಲ. ಬೆಳಿಗ್ಗೆ ಆರಕ್ಕೆ ಕಾರವಾರದಲ್ಲಿ 27 ಇತ್ತು ಅಂದುಕೊಂಡರೆ ಲೆಕ್ಕ ಸರಿಯಾಗಿ ಕೂತಿದೆ. ಪೈಪಿನೊಳಗೆ ಗಾಳಿ ಸೇರಿದ್ದರೆ ಇದಕ್ಕಿಂತ ಜಾಸ್ತಿ ತೋರಿಸುತ್ತಿತ್ತು. ಅಂದರೆ ಗಾಳಿ ಇಲ್ಲ. ಈಗ ಎಂಜಿನ್ 1,500 ಆರ್‌ಪಿಎಮ್‌ಗೆ ಇಟ್ಟು, ಬ್ಲೋವರ್ ಫುಲ್ ಮಾಡಿ ಮಧ್ಯಾಹ್ನ ಓದಿ. ಹೊರಗಿನ ತಾಪ ಎಷ್ಟು ಅಂತಲೂ ಬರೆಯಿರಿ.

ಕೋಡಿಬಾಗ ಡೀಸೆಲ್

ಹೊರಗೆ 33. ಲೋ ಕಡೆ (ಗ್ಯಾಸ್ ಕಂಪ್ರೆಸರಿಗೆ ಬರುವ ಪೈಪು) 55 ಪಿಎಸ್‌ಐ, ಹೈ ಕಡೆ (ಅಲ್ಲಿಂದ ಹೊರಡುವ ಪೈಪು) 320. ಕಂಡೆನ್ಸರ್ ಮೇಲೆ ಒಂದು ಬಕೆಟ್ ನೀರು ಸುರಿದೆ. ಹೈ 260ಕ್ಕೆ ಬಂತು, ಎಸಿ ತಣ್ಣಗಾಯಿತು. ಐದು ನಿಮಿಷಕ್ಕೆ ಮತ್ತೆ ಅಲ್ಲಿಗೇ.

ಕುಮಟಾ ಕೂಲಿಂಗ್

ಈ ಹೊತ್ತಿಗೆ ಲೋ 30ರಿಂದ 40, ಹೈ 200-240 ಇದ್ದರೆ ಚೆನ್ನ. ನಿಮ್ಮದು ಎರಡೂ ಜಾಸ್ತಿ. ಫ್ಯಾನ್ ತಿರುಗುತ್ತಿದೆ, ಫಿನ್ನು ತೊಳೆದಾಗಿದೆ, ಒಳಗೆ ಗಾಳಿ ಇಲ್ಲ. ಉಳಿದದ್ದು ಒಂದೇ: ಗ್ಯಾಸ್ ಜಾಸ್ತಿ ಆಗಿದೆ. ಎರಡು ಸಲ ಹಾಕಿದರಲ್ಲ, ತೂಕ ಮಾಡಿ ಹಾಕಿದರಾ?

ಕೋಡಿಬಾಗ ಡೀಸೆಲ್

ಇಲ್ಲ. ಕ್ಯಾನಿಗೆ ಒಂದು ಪೈಪು, ಅಷ್ಟೇ. ಪೈಪು ಮುಟ್ಟಿ ನೋಡಿ "ಆಯ್ತು" ಅಂದರು.

ಅರಬೈಲು ಲೋಡು

ಹಸಿವಿಲ್ಲದವನಿಗೆ ಎರಡು ಸಲ ಬಡಿಸಿದ್ದಾರೆ.

ಶಿರಸಿ ಪಾನಾ

ಜಾಸ್ತಿ ಇದ್ದರೆ ಸ್ವಲ್ಪ ಬಿಟ್ಟುಬಿಡಿ. ಲೋ ಕಡೆಯ ಪಿನ್ ಒತ್ತಿದರೆ ಹೋಗುತ್ತದೆ. ನಾನು ಒಮ್ಮೆ ಹಾಗೇ ಮಾಡಿದ್ದೆ.

ಕುಮಟಾ ಕೂಲಿಂಗ್

ಭಾವಾ, ಇಷ್ಟು ಹೊತ್ತು ಚೆನ್ನಾಗಿ ಹೇಳಿ ಇಲ್ಲಿ ಎಂತಕ್ಕೆ ಜಾರಿದಿರಿ? ಮೂರು ಕಾರಣಕ್ಕೆ ಬೇಡ. ಎಷ್ಟು ಹೋಯಿತು ಅಂತ ಗೊತ್ತಾಗುವುದಿಲ್ಲ. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಚಿಮ್ಮುತ್ತದೆ, ಎಣ್ಣೆ ಕಡಿಮೆಯಾದ ಕಂಪ್ರೆಸರ್ ಒಂದು ಬೇಸಿಗೆ ಬಾಳುವುದಿಲ್ಲ. ಮೂರನೆಯದು, ಒಂದು ಕಿಲೋ ಆರ್-134ಎ ಗಾಳಿಗೆ ಬಿಟ್ಟರೆ ಭೂಮಿ ಬಿಸಿ ಮಾಡುವ ಲೆಕ್ಕದಲ್ಲಿ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಸೆಖೆ ಅಂತ ಎಸಿ ಹಾಕುವುದು, ಹೋಗಿ ಸೆಖೆಯನ್ನೇ ಜಾಸ್ತಿ ಮಾಡುವುದು.

ರಿಕವರಿ ಮೆಷಿನ್ ಇರುವಲ್ಲಿ ಹೋಗಿ. ಅದು ಗ್ಯಾಸ್ ಎಳೆದುಕೊಂಡು ತೂಕ ತೋರಿಸುತ್ತದೆ, ವ್ಯಾಕ್ಯೂಮ್ ಮಾಡುತ್ತದೆ, ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಎಷ್ಟು ಗ್ರಾಂ ಇದೆಯೋ ಅಷ್ಟೇ ವಾಪಸ್ ಹಾಕುತ್ತದೆ. ನನ್ನ ಅಂಗಡಿಗೇ ಬನ್ನಿ ಅನ್ನುವುದಿಲ್ಲ. ಎಲ್ಲಿ ಹೋದರೂ ತೂಕದ ಚೀಟಿ ಕೇಳಿ.

ಶಿರಸಿ ಪಾನಾ

ಒಪ್ಪಿದೆ, ತಪ್ಪು ನನ್ನದು. ಆದರೆ ವ್ಯಾಕ್ಯೂಮ್ ವಿಷಯಕ್ಕೆ ಒಂದು ಅನುಮಾನ. ಹಳೆ ಫ್ರಿಜ್ಜಿನ ಕಂಪ್ರೆಸರ್‌ನಿಂದ ನಾನೇ ಪಂಪ್ ಮಾಡಿಕೊಂಡಿದ್ದೇನೆ. ಎಷ್ಟು ಹೊತ್ತು ಓಡಿಸಿದರೂ ಗೇಜಿನಲ್ಲಿ 27 ಇಂಚು (ಪಾದರಸದ ಅಳತೆ) ದಾಟುವುದಿಲ್ಲ. ವಿಡಿಯೋಗಳಲ್ಲಿ ಎಲ್ಲರೂ 29 ಅನ್ನುತ್ತಾರೆ. ನನ್ನ ಪಂಪ್ ಹಾಳಾ?

ಕುಮಟಾ ಕೂಲಿಂಗ್

ಶಿರಸಿ ಸಮುದ್ರಮಟ್ಟದಿಂದ 590 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡವೇ 28 ಇಂಚಿನ ಹತ್ತಿರ, ಇಲ್ಲಿ 29.9. ಇಲ್ಲದ ಗಾಳಿಯನ್ನು ಯಾವ ಪಂಪೂ ಎಳೆಯುವುದಿಲ್ಲ. ನಿಮಗೆ 29 ಬಂದರೆ ಗೇಜು ಹಾಳಾಗಿದೆ ಅಂತ ತಿಳಿಯಿರಿ.

ವ್ಯಾಕ್ಯೂಮ್ ಮಾಡುವುದೇ ಪೈಪಿನೊಳಗಿನ ತೇವ ಕುದಿಸಿ ತೆಗೆಯಲು. 30 ಡಿಗ್ರಿಯಲ್ಲಿ ನೀರು ಕುದಿಯಬೇಕಾದರೆ ಕಾರವಾರದಲ್ಲಿ ಮುಳ್ಳು ಸುಮಾರು 28.7 ದಾಟಬೇಕು, ಶಿರಸಿಯಲ್ಲಿ 26.7. ನಿಮ್ಮದು 27 ಅಂದರೆ ದಾಟಿದೆ, ಆದರೆ ಕೂದಲೆಳೆಯಷ್ಟು. ಫ್ರಿಜ್ಜಿನ ಕಂಪ್ರೆಸರ್ ಅಷ್ಟಕ್ಕೇ ಸುಸ್ತಾಗುತ್ತದೆ. ಜುಲೈ ಮಳೆಯಲ್ಲಂತೂ ಆ ಕೆಲಸ ಬೇಡವೇ ಬೇಡ. ಕಂಪ್ರೆಸರ್ ಎಣ್ಣೆ ಉಪ್ಪಿನ ಭರಣಿ ಹಾಗೆ, ಮುಚ್ಚಳ ತೆಗೆದಿಟ್ಟರೆ ನೀರು ಕುಡಿಯುತ್ತದೆ.

ಶಿರಸಿ ಪಾನಾ

ಮೂರು ವರ್ಷದಿಂದ ಆ ಪಂಪಿಗೆ ಬೈಯುತ್ತಿದ್ದೆ. ಪಾಪ.

ಕೋಡಿಬಾಗ ಡೀಸೆಲ್

ಮೆಷಿನ್ ಇರುವಲ್ಲಿಗೆ ಹೋಗಿ ಬಂದೆ. ಸ್ಟಿಕ್ಕರ್‌ನಲ್ಲಿ 680 ಗ್ರಾಂ. ಮೆಷಿನ್ ಎಳೆದದ್ದು 890! ಚೀಟಿ ಇಟ್ಟುಕೊಂಡಿದ್ದೇನೆ. 45 ನಿಮಿಷ ವ್ಯಾಕ್ಯೂಮ್, ಆಮೇಲೆ ಹಾಗೇ ಅರ್ಧ ತಾಸು ಬಿಟ್ಟರು, ಮುಳ್ಳು ಅಲ್ಲಾಡಲಿಲ್ಲ, ಅಂದರೆ ಸೋರಿಕೆ ಇಲ್ಲ. 680 ಹಾಕಿದರು. 1,800 ರೂಪಾಯಿ. ಅದೇ ಬಿಸಿಲಿನಲ್ಲಿ ಈಗ ಲೋ 34, ಹೈ 215. ಎಸಿ ಬಾಯಲ್ಲಿ 8 ಡಿಗ್ರಿ. ಅಂಕೋಲಾದಲ್ಲಿ ಬಸ್‌ಸ್ಟ್ಯಾಂಡ್ ಎದುರು ಹತ್ತು ನಿಮಿಷ ನಿಂತೆ, 10 ದಾಟಲಿಲ್ಲ. ಹಿಂದಿನ ಸೀಟಿನಿಂದ ಆಯಿ "ಅದು ಕಡಿಮೆ ಮಾಡೋ, ಕಿವಿ ನೋಯುತ್ತದೆ" ಅಂದಳು. ಈ ಮಾತು ಕೇಳಿ ಎರಡು ವರ್ಷ ಆಗಿತ್ತು.

ಘಟ್ಟದ್ದು ಮಾತ್ರ ಇನ್ನೂ ಬಾಕಿ. ಎರಡನೇ ಗೇರ್ ಉಪಾಯ ಕೆಲಸ ಮಾಡಿತು, ಆದರೂ ಮುಳ್ಳು ಸ್ವಲ್ಪ ಏರುತ್ತದೆ. ವಿಸ್ಕಸ್ ಫ್ಯಾನ್ ಹೇಗೆ ನೋಡುವುದು?

ಅರಬೈಲು ಲೋಡು

ಘಟ್ಟ ಹತ್ತಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿ. ಫ್ಯಾನ್ ಬ್ಲೇಡ್ ಕೈಯಲ್ಲಿ ತಳ್ಳಿ. ಬಿಸಿಯಲ್ಲಿ ಅದು ಬಿಗಿಯಾಗಿರಬೇಕು. ಗಿರಗಿಟ್ಟಲೆ ಹಾಗೆ ಎರಡು ಸುತ್ತು ತಿರುಗಿದರೆ ಒಳಗಿನ ಸಿಲಿಕೋನ್ ಎಣ್ಣೆ ಹೋಗಿದೆ. ಮಧ್ಯದ ಗುಬ್ಬಿಯ ಸುತ್ತ ಎಣ್ಣೆಯ ಗೆರೆ ಕಂಡರೂ ಅದೇ.

ಕೋಡಿಬಾಗ ಡೀಸೆಲ್

ಮೂರು ಸುತ್ತು ತಿರುಗಿತು. ಆ ಫ್ಯಾನಿಗೆ ಹೊಸ ಕ್ಲಚ್ (ಎಣ್ಣೆ ಇರುವ ಮಧ್ಯದ ಗುಬ್ಬಿ) ತರಿಸಿದ್ದೇನೆ. ಆದರೆ ಆ ದೊಡ್ಡ ನಟ್ಟಿಗೆ ತೆಳ್ಳಗಿನ ಪಾನಾ ಬೇಕಂತೆ, ಇಲ್ಲಿ ಸಿಗಲಿಲ್ಲ.

ಶಿರಸಿ ಪಾನಾ

ನನ್ನ ಹತ್ತಿರ ಇದೆ. ನೀವು ಮೊದಲೇ ಬಲ ಹಾಕಬೇಡಿ, ಕೆಲವದರಲ್ಲಿ ಥ್ರೆಡ್ ಉಲ್ಟಾ ಇರುತ್ತದೆ, ರೇಡಿಯೇಟರ್‌ಗೆ ಪಾನಾ ಬಡಿದರೆ ಇಷ್ಟು ದಿನ ಮಾಡಿದ್ದೆಲ್ಲ ಮತ್ತೆ ಮೊದಲಿನಿಂದ. ಭಾನುವಾರ ಬೆಳಿಗ್ಗೆ ದೇವಿಮನೆ ಇಳಿದು ಬರುತ್ತೇನೆ. ಹತ್ತು ಗಂಟೆಗೆ ಕೋಡಿಬಾಗ. ಊಟ ನಿಮ್ಮಲ್ಲೇ, ಮೀನು ಮಾತ್ರ ಬೇಡ.

ಬೈತಖೋಲ ಬೋಟು

ಅವರ ಪಾಲಿನ ಮೀನಿಗೆ ನಾನು ಬರುತ್ತೇನೆ.